ಗೈಡಿನ ಬುಡದ ವಿಭೂತಿ

"ಗೈಡು ಹಿಂದ್ಗಡೆ ಕೂದಲೆಳೆಯಷ್ಟು ಅಗಲ ಇರ್ಬೇಕು ತಮ್ಮ. ಅಲ್ಲಿ ಬಿಗಿದ್ರೆ ಹಲಗೆ ತಿರುಗಿ ನಿನ್ನ ಹೊಟ್ಟೆಗೇ ಬರ್ತೈತೆ."

ಗರಗಸದ ಮೇಜಿನ ಮುಂದೆ ಅಣ್ಣ ಹೀಗೆ ಹೇಳಿದ್ದ ಎಂದು ನನ್ನ ನೆನಪು. ಹೇಳಿದ್ದು ಅವನೋ, ಆಮೇಲೆ ಮೊಬೈಲಿನಲ್ಲಿ ಎಲ್ಲೋ ನೋಡಿದ್ದನ್ನು ನಾನೇ ಅವನ ಬಾಯಿಗೆ ಹಾಕಿದೆನೋ, ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದ ಮೇಲೆ ನನ್ನ ನೆನಪುಗಳನ್ನೇ ಸಾಕ್ಷಿಕಟ್ಟೆಗೆ ಹತ್ತಿಸುವ ಚಟ ಹತ್ತಿಕೊಂಡಿದೆ.

ಹೊನ್ನಾಳಿಯಲ್ಲಿ ಅಣ್ಣನದು ಬಾಗಿಲು, ಕಿಟಕಿ ಚೌಕಟ್ಟು ಮಾಡುವ ಅಂಗಡಿ. ನಾನು ಚನ್ನಗಿರಿ, ಸಂತೇಬೆನ್ನೂರು, ನ್ಯಾಮತಿ ಎಂದು ಊರು ಬದಲಿಸುತ್ತ ಪಾಠ ಹೇಳಿಕೊಂಡಿದ್ದೆ. ಎಲ್ಲೂ ಮನಸ್ಸು ನಿಲ್ಲಲಿಲ್ಲ. ರಜೆ ಬಂದರೆ ಅಂಗಡಿಗೆ ಹೋಗುತ್ತಿದ್ದೆ. ಗರಗಸದ ಮೇಜಿನ ಈಚೆ ಅವನು ಹಲಗೆ ತಳ್ಳುತ್ತಿದ್ದ, ಆಚೆ ನಾನು ಎಳೆದುಕೊಳ್ಳುತ್ತಿದ್ದೆ. ನಡುವೆ ಬ್ಲೇಡಿನ ಕಿರಚಾಟ, ಮಾತಿಗೆ ಜಾಗವಿಲ್ಲ. ಇನ್ನೊಬ್ಬ ಮನುಷ್ಯನ ಜೊತೆ ನಾನು ಅಷ್ಟು ನೆಮ್ಮದಿಯಿಂದ ಇದ್ದದ್ದು ಬೇರೆಲ್ಲೂ ಇಲ್ಲ.

ಕಳೆದ ವರ್ಷ ಅಣ್ಣ ಮಲಗಿದವನು ಏಳಲಿಲ್ಲ. ಅಂಗಡಿಗೆ ಬೀಗ ಬಿತ್ತು. ಕೆಲವು ತಿಂಗಳ ನಂತರ ಅತ್ತಿಗೆ ಫೋನ್ ಮಾಡಿದರು.

"ಮಷೀನು ಜಗಳೂರಿನೋರಿಗೆ ಕೊಡಾಕೆ ಒಪ್ಕೊಂಡೀನಿ. ಹೊಸದಾಗಿ ಅಂಗಡಿ ಇಡ್ತಾರಂತೆ. ನೀ ಬಂದು ಒಂದ್ಸಲ ಓಡ್ಸಿ ನೋಡಪ್ಪ."

"ಅವರೇ ನೋಡ್ಕೋತಾರೆ ಬಿಡ್ರಿ ಅತ್ತಿಗೆ."

"ನೋಡ್ಕೊಳ್ಳಾಕೆ ಹೋಗಿ ಬೆರಳು ಕಳ್ಕೊಂಡ್ರೆ? ಅಂಥಾ ಮಷೀನು ಮಾರಿದ್ರು ಅಂತ ಯಾರ ಹೆಸರು ಹೇಳ್ತಾರೆ? ಹೇಳಿಸ್ಕೊಳ್ಳಾಕೆ ಅವರೂ ಇಲ್ಲ."

ಭಾನುವಾರ ಬೆಳಿಗ್ಗೆ ನ್ಯಾಮತಿಯಿಂದ ಬಸ್ಸು ಹತ್ತಿದೆ. ಮಧ್ಯಾಹ್ನ ಟೆಂಪೊ ಬರುವುದಿತ್ತು. ಅತ್ತಿಗೆ ಮೇಜನ್ನು ಸೋಪು ನೀರು ಹಾಕಿ ತಿಕ್ಕಿದ್ದರು. ಹಾಗೆ ಹೊಳೆಯುವ ಮೇಜನ್ನು ನಾನು ಅಲ್ಲಿ ಕಂಡಿರಲಿಲ್ಲ. ಬೇವಿನ ಒಂದು ತುಂಡನ್ನು ಗೈಡಿಗೆ ಒರಗಿಸಿ ತಳ್ಳಿದೆ. ಹಲಗೆ ನೇರ ಸಾಗಲಿ ಎಂದು ಪಕ್ಕದಲ್ಲಿ ಬಿಗಿಯುವ ಉದ್ದನೆಯ ಕಬ್ಬಿಣದ ಪಟ್ಟಿಯೇ ಗೈಡು. ಅರ್ಧ ದಾರಿಯಲ್ಲಿ ಮೋಟಾರು ನರಳಿತು, ಸುಟ್ಟ ವಾಸನೆ ಬಂತು, ತುಂಡು ಚಂಗನೆ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ನಾನು ಪಕ್ಕಕ್ಕೆ ನಿಂತಿದ್ದೆ, ಅದಕ್ಕೆ ಉಳಿದೆ.

ಪ್ಲಗ್ ಕಿತ್ತೆ. ಮೊದಲು ಬ್ಲೇಡು ನೋಡಬೇಕು. ಜೇಬಿನಲ್ಲಿ ಚಾಕ್‌ಪೀಸ್ ಇತ್ತು. ಒಂದು ಹಲ್ಲಿಗೆ ಗುರುತು ಹಾಕಿದೆ. ಗರಗಸದ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುತ್ತವೆ. ಅಳೆದರೆ ಒಂದೇ ಹಲ್ಲನ್ನು ಎರಡೂ ಕಡೆ ಅಳೆಯಬೇಕು. ಮೇಜಿನ ಉದ್ದಕ್ಕೂ ಕೊರೆದ ಕಾಲುವೆಯಿಂದ ಆ ಹಲ್ಲಿಗೆ ಮುಂದೆ ಎಷ್ಟು ದೂರ ಎಂದು ನೋಡಿದೆ, ಬ್ಲೇಡನ್ನು ಕೈಯಲ್ಲೇ ತಿರುಗಿಸಿ ಹಿಂದೆ ನೋಡಿದೆ. ಸಮವಾಗಿತ್ತು. ತಪ್ಪು ಗೈಡಿನದು. ಅದು ಹಿಂದೆ ಬ್ಲೇಡಿನ ಕಡೆಗೆ ವಾಲಿತ್ತು.

ಬೇಜಾರಾದದ್ದು ಆಗ. ಅಣ್ಣ ಇಷ್ಟು ದಿನ ಹೀಗೇ ಕೊಯ್ದನೆ? ಹಾಗಿದ್ದರೆ ಆ ಕೂದಲೆಳೆಯ ಮಾತು ಅವನದಲ್ಲ. ಅವನದೆಂದು ನಾನು ಇಟ್ಟುಕೊಂಡಿದ್ದ ಇನ್ನೆಷ್ಟು ಮಾತುಗಳು ನನ್ನವೇ?

ಅತ್ತಿಗೆ ಚಹಾ ತಂದರು.

"ಏನು, ಮುಖ ಹಂಗ್ಯಾಕೆ ಮಾಡ್ಕೊಂಡಿದೀಯ?"

"ಗೈಡು ಸೊಟ್ಟ ಐತೆ. ಯಾರಾದ್ರೂ ಮುಟ್ಟಿದ್ರಾ?"

"ನಾನೇ. ವಿಭೂತಿ ಕೆರೆದೆ. ಗಚ್ಚಿನಂಗೆ ಕೂತಿತ್ತು, ಉಳಿ ತಗೊಂಡೇ ತೆಗೀಬೇಕಾತು. ಕೊಡೋ ಸಾಮಾನು ಹೊಲಸಾಗಿ ಕೊಡಾಕೆ ಆಗ್ತೈತಾ?"

ನಾನು ಲೋಟ ಕೆಳಗಿಟ್ಟೆ. ಆಯುಧ ಪೂಜೆಗೆ ಅಣ್ಣ ಬಳಿಯುತ್ತಿದ್ದದ್ದು ಮೇಜಿನ ಮುಂದಿನ ಅಡ್ಡಕಂಬಿಗೆ, ಗೈಡಿನ ಬಾಯಿ ಕಚ್ಚಿಕೊಳ್ಳುವ ಜಾಗಕ್ಕೇ. ಹಳೆಯದನ್ನು ಒರೆಸಬಾರದು ಎಂದು ಪ್ರತಿ ವರ್ಷ ಅದರ ಮೇಲೆಯೇ ಹೊಸದು. ಎಣ್ಣೆ, ಮರದ ಪುಡಿ ಸೇರಿ ಅದು ಕಲ್ಲಾಗುತ್ತಿತ್ತು. ಪೂಜೆಯ ಮರುದಿನ ಅವನು ಸ್ಕ್ರೂ ತಿರುಗಿಸುತ್ತ ನಗುತ್ತಿದ್ದ: "ದೇವ್ರು ಈ ವರ್ಷ ಇನ್ನೊಂದಿಷ್ಟು ದಪ್ಪ ಆಗ್ಯಾನೆ, ಸರಿಸ್ಕೊಂಡು ಕೂರ್ಬೇಕು." ಆ ದಪ್ಪಕ್ಕೆ ಹೊಂದಿಸಿದ್ದ ಗೈಡು ಅದು ಹೋದ ಮೇಲೆ ವಾಲಿದೆ.

"ಕೆರೆದದ್ದು ಎಲ್ಲಿ ಹಾಕಿದ್ರಿ?"

"ತುಳಿಯಾಕೆ ಆಗ್ತೈತಾ ಅದನ್ನ? ಪತ್ರೆ ಗಿಡದ ಬುಡಕ್ಕೆ ಹಾಕೀನಿ."

ಹಿತ್ತಲಿಗೆ ಹೋಗಿ ಬಿಲ್ವದ ಬುಡದಲ್ಲಿ ಕೈಯಾಡಿಸಿದೆ. ವಿಭೂತಿಯ ಬಿಳಿ, ಕುಂಕುಮದ ಕೆಂಪು, ಮತ್ತೆ ಬಿಳಿ ಪದರಗಳ ಒಂದು ಬಿಲ್ಲೆ ಸಿಕ್ಕಿತು. ಅದರ ಒಂದು ಅಂಚು ಕಂಬಿಯ ಮೂಲೆಗೆ ಸರಿಯಾಗಿ ಕೂರುತ್ತಿತ್ತು. ಕೂರಿಸಿ ಗೈಡು ಬಿಗಿದೆ. ಮುಂದೆ ಅಳೆದೆ, ಹಿಂದೆ ಅಳೆದೆ.

ಹಿಂದೆ ಕೂದಲೆಳೆಯಷ್ಟು ಅಗಲವಿತ್ತು.

ಹಾಗೆ ಅವನು ಇಟ್ಟಿದ್ದ ಎಂಬುದಕ್ಕೆ ಇದು ಸಾಕ್ಷಿ. ಹಾಗೆ ನನಗೆ ಹೇಳಿದ್ದ ಎಂಬುದಕ್ಕಲ್ಲ. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ಆದರೂ ಇನ್ನೊಮ್ಮೆ ಅಳೆದೆ.

ಬಿಲ್ಲೆಯನ್ನು ತೆಗೆದೆ, ಮಾರುವ ಯಂತ್ರವನ್ನು ಪುಡಿಯಾಗುವ ವಸ್ತುವಿನ ಮೇಲೆ ನಿಲ್ಲಿಸಲಾಗದು. ಸ್ಕ್ರೂನಲ್ಲೇ ಅಷ್ಟು ಅಂತರ ತಂದೆ. ಮತ್ತೆ ಪ್ಲಗ್ ಹಾಕಿ ಇನ್ನೊಂದು ಬೇವಿನ ತುಂಡನ್ನು ಕೋಲಿನಿಂದ ತಳ್ಳಿದಾಗ ಸಲೀಸಾಗಿ ಸೀಳಿತು. ಆಚೆ ಎಳೆಯುವವರಿಲ್ಲದೆ ಎರಡು ಹೋಳೂ ನೆಲಕ್ಕೆ ಬಿದ್ದವು.

ಜಗಳೂರಿನವರು ಬಂದರು. ಮೂವತ್ತರ ಆಸುಪಾಸಿನ, ಮಾತುಗಾರ ಬಡಗಿ. ಎಲ್ಲವನ್ನೂ ತೋರಿಸಿದೆ.

"ಎರಡೂ ಕಡೆ ಸಮ ಇರ್ಬೇಕಲ್ವಾ ಮೇಷ್ಟ್ರೇ? ಬುಕ್ಕಿನಾಗೆ ಹಿಂಗೈತಾ?"

"ಸಮ ಇಡಾಕೆ ಹೋಗಿ ಬಿಗಿ ಆಗ್ಬಿಡ್ತೈತೆ. ಹಿಂದೆ ಕೂದಲೆಳೆ ಬಿಡ್ಬೇಕು. ನಮ್ಮಣ್ಣ ಹೇಳಿದ್ದು."

'ಅಂತ ನೆನಪು' ಎಂದು ಸೇರಿಸುವುದು ನನ್ನ ಅಭ್ಯಾಸ. ಅವತ್ತು ಸೇರಿಸಲಿಲ್ಲ.

ಹೊರಡುವ ಮುಂಚೆ ಆತ ಅತ್ತಿಗೆಯಿಂದ ವಿಭೂತಿ ಕೇಳಿ ಇಸಿದುಕೊಂಡು ಸೀದಾ ಅಡ್ಡಕಂಬಿಗೆ ಕೈ ಹಾಕಿದ.

"ಅಲ್ಲಿ ಬೇಡ," ಎಂದೆ. "ಕಾಲಿಗೆ ಹಚ್ರಿ."

"ದೇವರನ್ನ ಕಾಲಿಗಾ?"

"ಮೇಜಿನ ಕಾಲಿಗೆ ಕಣ್ರೀ. ಮೇಲಿಟ್ರೆ ದಪ್ಪ ಆಗ್ತಾನೆ."

ಆತನಿಗೆ ಅರ್ಥವಾಗಲಿಲ್ಲ. ಅತ್ತಿಗೆ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ಅದು ನಗುವೋ ಅಳುವೋ ನಾನು ನೋಡಲಿಲ್ಲ.

ಟೆಂಪೊ ಹೋಯಿತು. ಮೇಜಿದ್ದ ಜಾಗದ ಸುತ್ತ ಮರದ ಪುಡಿ, ನಡುವೆ ಖಾಲಿ ನೆಲ. ನಾನು ಹಲಗೆ ಎಳೆದುಕೊಳ್ಳುವ ಕಡೆಯಲ್ಲೇ ನಿಂತಿದ್ದೇನೆ ಎಂದು ಗೊತ್ತಾದದ್ದು ಅತ್ತಿಗೆ ಬಾಗಿಲಿನಿಂದ ಕರೆದಾಗ.

"ಬಾರಪ್ಪ, ಬೀಗ ಹಾಕ್ಬೇಕು."