ಕಾಣದ ಜಾಗದಲ್ಲಿ ನಿಲ್ಲುವ ಚಂದ್ರಿಬಾಯಿ

ಗೋವಾದ ಉಸಗಾಂವದ ಹೊರಗೆ, ಕೆಲಸ ನಿಂತುಹೋದ ಅದಿರಿನ ಯಾರ್ಡು. ಬೆಳಗಿನ ಆರೂಕಾಲು. ಡಿಸೆಂಬರಿನ ಮಂಜು ಕೆಂಪು ನೆಲದ ಮೇಲೆ ಇಳಿದು ಕೂತುಬಿಟ್ಟಿದೆ. ಅದರ ನಡುವೆ ಒಂದು ಹಳೆಯ ಟಿಪ್ಪರ್. ಇಂಜಿನ್ ಬಂದ್ ಆಗಿದೆ, ಗಾಲಿಗಳಿಗೆ ಕಲ್ಲು ಕೊಟ್ಟಿದೆ. ಸ್ಟೇರಿಂಗ್ ಹಿಡಿದು ಕೂತ ನಿಯಾಜ ಎಡಗನ್ನಡಿ ನೋಡುತ್ತಾನೆ, ಬಲಗನ್ನಡಿ ನೋಡುತ್ತಾನೆ, ಮುಂದಿನ ಗಾಜಿನಾಚೆ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಎಲ್ಲ ಕಡೆ ಬಿಳುಪು.

“ಯಾರೂ ಇಲ್ರಿ.”

“ಇನ್ನೊಮ್ಮೆ ನೋಡ್ರಿ,” ಕಲಿಸಲು ಪಕ್ಕದಲ್ಲಿ ಕೂತ ಶಫೀಸಾಬ ಅನ್ನುತ್ತಾರೆ. ಅವರ ದನಿ ಏರುವುದಿಲ್ಲ.

“ಖರೇನ ಇಲ್ರಿ.”

ಆಗ ಗಾಜಿನ ಕೆಳಗಿನಿಂದ, ಬಂಪರಿಗೆ ಒಂದು ಮೊಳ ದೂರದಿಂದ, ಒಂದು ಕೈ ಮೇಲೇಳುತ್ತದೆ. ಮೊಳಕೈವರೆಗೆ ಬಳೆ ತುಂಬಿದ ಕೈ. ಅದು ಬೀಸುವುದಿಲ್ಲ, ಗಾಜು ತಟ್ಟುವುದಿಲ್ಲ. ಬೆರಳಿನಲ್ಲಿ ಗಾಡಿಯ ಕೀಲಿ ತೂಗುತ್ತಿರುತ್ತದೆ. ನಿಂತ ಗಾಡಿಯೆಂಬುದನ್ನೂ ಮರೆತು ನಿಯಾಜನ ಕಾಲು ಬ್ರೇಕ್ ಒತ್ತಿಬಿಡುತ್ತದೆ.

ಆ ಕೈ ಐವತ್ತೆರಡು ವರ್ಷದ ಚಂದ್ರಿಬಾಯಿಯದು. ಲಾರಿ ಕಲಿಯಲು ಬಂದವರಿಗೆ ಕಾಣದ ಜಾಗದಲ್ಲಿ ಮಾತಾಡದೆ ನಿಲ್ಲುವುದು ಆಕೆಯ ಕೆಲಸ. ಅವರು ಹುಡುಕಬೇಕು. ಕನ್ನಡಿ ತಿರುಗಿಸಬೇಕು, ಸೀಟಿನಿಂದ ಎದ್ದು ಬಗ್ಗಬೇಕು. ಆದರೂ ಅನುಮಾನವಿದ್ದರೆ ಇಳಿದು ಗಾಡಿಯ ಸುತ್ತ ಒಂದು ಸುತ್ತು ನಡೆದು ಬರಬೇಕು. ಅಲ್ಲಿಯವರೆಗೆ ಕೀಲಿ ಆಕೆಯ ಕೈಯಲ್ಲೇ.

ಒಂದು ತಂಡದಲ್ಲಿ ಆರು ಜನ, ಮೂವತ್ತು ದಿನದ ಕಲಿಕೆ. ಒಬ್ಬೊಬ್ಬರಿಗೆ ದಿನಕ್ಕೆ ಐದು ಸಲ ನಿಂತರೆ ಮೂವತ್ತು ಸಲ ನಿಂತಂತೆ. ಬಂಪರಿನ ಮುಂದೆ, ಎಡಬಾಗಿಲ ಕೆಳಗೆ, ಹಿಂದಿನ ಗಾಲಿಯ ಮಗ್ಗುಲು, ಸರಕು ತುಂಬುವ ಡಾಲಿಯ ಬೆನ್ನಿಗೆ. ಏಳು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಇಲ್ಲಿ ಕಲಿತು ಹೋಗಿದ್ದಾರೆ. ಮೊದಲ ದಿನವೇ ಐದಕ್ಕೆ ಐದು ಸಲ ಆಕೆಯನ್ನು ಹುಡುಕಿದವರು ಇಬ್ಬರೇ. ಒಬ್ಬ ಮೊದಲು ಕುರಿ ಕಾಯುತ್ತಿದ್ದವ, ಇನ್ನೊಬ್ಬಳು ಈಗ ನೀರಿನ ಟ್ಯಾಂಕರ್ ಓಡಿಸುವ ಫರ್ಹೀನ.

“ಮೊದಮೊದಲ ಅಂಜಿಕಿ ಬರತಿತ್ತು,” ಅನ್ನುತ್ತಾಳೆ ಚಂದ್ರಿಬಾಯಿ, ಊರುಗೋಲನ್ನು ಗಾಲಿಗೆ ಒರಗಿಸಿ. “ಮಂಜಿನ್ಯಾಗ ನಿಂತಾಗ ಗಾಡಿನ ನನ್ನ ನೋಡಾಕತ್ತೈತಿ ಅನಸ್ತೈತಿ. ಒಳಗ ಕುಂತಾಂವ ಮಾತ್ರ ನೋಡಂಗಿಲ್ಲ. ನಾ ಅದೀನೋ ಇಲ್ಲೋ ಅಂತ ನನಗ ಸಂಶೆ ಬರತೈತಿ. ಆವಾಗ ಬಳಿ ಮುಟ್ಟಿ ನೋಡ್ಕೊಂತೇನಿ.”

ವಿಜಯಪುರದ ಕಡೆಯ ತಾಂಡಾದಿಂದ ಗಂಡ ರೂಪಲಪ್ಪನ ಜೊತೆ ಆಕೆ ಗೋವಾಕ್ಕೆ ಬಂದದ್ದು ಹದಿನೆಂಟರ ಪ್ರಾಯದಲ್ಲಿ. ಬಾಯ್ನಾದಲ್ಲಿ ಮನೆ, ಅಲ್ಲಿನ ಕಡಲ ದಂಡೆಯಲ್ಲಿ ಕನ್ನಡಿ ಕೂಡಿಸಿ ಹೊಲಿದ ಚೀಲಗಳ ಮಾರಾಟ. ದಂಡೆಯ ಮನೆಗಳನ್ನು ಕೆಡವಲು ಬುಲ್ಡೋಜರ್ ಬಂದ ವರ್ಷ ಅವರ ಮನೆಯೂ ಹೋಯಿತು; ಅದಿರು ತುಂಬುವ ಕೆಲಸ ಸಿಕ್ಕ ಗಂಡನ ಹಿಂದೆ ಉಸಗಾಂವಕ್ಕೆ ಬಂದಳು. ಮಾರಾಟ ಬಿಡಲಿಲ್ಲ. ದಿನಾ ಬೆಳಗಿನ ಮೊದಲ ಬಸ್ಸಿಗೆ ಹೆಗಲ ಮೇಲೆ ಗಂಟು ಹೊತ್ತು ಹೊರಡುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಅಂಥದೊಂದು ಬೆಳಿಗ್ಗೆ, ಊರ ಹೊರಗಿನ ತಿರುವಿನಲ್ಲಿ ಒಂದು ಲಾರಿ ಬಂತು.

“ಬೆಳಕಾಗಿತ್ರಿ. ಡ್ರೈವರ್‌ನ ಮಾರಿ ನನಗ ಚಲೋ ಕಾಣಾಕತ್ತಿತ್ತು. ಅಂವನೂ ನನ್ನ ನೋಡಿದ, ಕಣ್ಣಾಗ ಕಣ್ಣಿಟ್ಟು. ನಿಲ್ಲಸ್ತಾನ ಅಂದ್ಕೊಂಡು ನಾನೂ ಸರೀಲಿಲ್ಲ. ಅಂವ ನಿಲ್ಲಸಲಿಲ್ಲ.”

ಆ ಡ್ರೈವರ್ ಶಫೀಸಾಬ.

ಅವರು ಈ ಮಾತನ್ನು ಪ್ರತಿ ತಂಡಕ್ಕೂ ಮೊದಲ ದಿನವೇ ಹೇಳುತ್ತಾರೆ, ಚಂದ್ರಿಬಾಯಿಯ ಎದುರಿಗೇ. ಮೂರು ದಿನದಲ್ಲಿ ಹೊಸಪೇಟೆಗೆ ಎರಡು ಟ್ರಿಪ್ ಹೊಡೆದಿದ್ದರು. ನಿದ್ದೆ ಎಲ್ಲ ಸೇರಿ ನಾಲ್ಕು ತಾಸು. ಕೊನೆಯ ದಿನ ಘಾಟಿನ ಒಂದು ತಿರುವಿನಲ್ಲಿ ಒಬ್ಬ ಹೆಂಗಸು ನಿಂತದ್ದು ಕಂಡಿತು. ಬ್ರೇಕ್ ಹಾಕಿ ಇಳಿದು ನೋಡಿದರೆ ಯಾರೂ ಇಲ್ಲ. ಮುಂದಿನ ತಿರುವಿನಲ್ಲೂ ಅವಳೇ.

“ಕಂಡ್ರ ನಿಲ್ಲಸಬ್ಯಾಡ, ನಿಲ್ಲಿಸಿದ್ರ ಗಾಡಿ ಹತ್ತತಾಳ ಅಂತ ಹಳೇ ಡ್ರೈವರ್ ಮಂದಿ ಹೇಳಿದ್ರು. ನಾ ನಿಲ್ಲಸೋದು ಬಿಟ್ಟೆ. ಏಳು ತಿರುವಿನ್ಯಾಗ ಗಾಡಿ ಆಕಿ ಮೈಯಾಗಿಂದ ಹಾದು ಹೋತು, ಒಂದ ಸಪ್ಪಳ ಇಲ್ಲ. ಘಾಟ ಇಳಿದ ಮ್ಯಾಲೆ, ಊರ ಹೊರಗಿನ ಎಂಟನೇ ತಿರುವಿನ್ಯಾಗ ಸಪ್ಪಳ ಆತು.”

ಚಂದ್ರಿಬಾಯಿಯ ಎಡಗಾಲು ಮೊಣಕಾಲ ಕೆಳಗೆ ಹೋಯಿತು. ಶಫೀಸಾಬ ಓಡಿಹೋಗಲಿಲ್ಲ. ಫೋಂಡಾದ ಆಸ್ಪತ್ರೆಗೆ ತಾವೇ ಎತ್ತಿಕೊಂಡು ಹೋದರು. “ನೋಡೀನಿ, ನೋಡಿ ನಿಲ್ಲಸಿಲ್ಲ” ಎಂದು ಪೊಲೀಸರಿಗೆ ಬರೆಸಿದರು, ಶಿಕ್ಷೆ ಅನುಭವಿಸಿದರು. ಲೈಸೆನ್ಸ್ ಮರಳಿ ಬಂದ ಮೇಲೂ ಸರಕಿನ ಗಾಡಿ ಹತ್ತಲಿಲ್ಲ. ಈ ಯಾರ್ಡಿನ ಒಂದು ಮೂಲೆ ಬಾಡಿಗೆಗೆ ಹಿಡಿದು ಕಲಿಸತೊಡಗಿದರು.

ಒಂದು ದಿನ ಚಂದ್ರಿಬಾಯಿ ಊರುಗೋಲು ಊರುತ್ತ ಅಲ್ಲಿಗೆ ಹೋದಳು. ಜಗಳಕ್ಕೇ ಹೋಗಿದ್ದೆ ಅನ್ನುತ್ತಾಳೆ. ಗಾಡಿ ನಿಂತಿತ್ತು, ಒಬ್ಬ ಹೊಸಬ ಒಳಗಿದ್ದ. ಆಕೆ ಮಾತಾಡದೆ ಎಡಬಾಗಿಲ ಕೆಳಗೆ ಹೋಗಿ ನಿಂತಳು. ಹೊಸಬ ಇಂಜಿನ್ ಚಾಲೂ ಮಾಡಲು ಕೈ ಚಾಚಿದ್ದ. ದೂರದಿಂದ ನೋಡಿದ ಶಫೀಸಾಬ ಓಡಿ ಬಂದು ಕೀಲಿ ಕಿತ್ತುಕೊಂಡರು. ಚಂದ್ರಿಬಾಯಿ ಅವರ ಕೈಯಿಂದ ಕೀಲಿ ಇಸಿದುಕೊಂಡು, “ಇದು ಇನ್ನ ನನ್ನ ಹತ್ರ ಇರಲಿ” ಅಂದಳು. ಜಗಳ ಅಷ್ಟಕ್ಕೇ ಮುಗಿಯಿತು.

ಕೀಲಿ ಕೊಡುವ ಮೊದಲು ಆಕೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆ: “ಎಷ್ಟು ತಾಸು ಮಲಗಿದ್ದಿ?” ಆರಕ್ಕಿಂತ ಕಡಿಮೆಯಾದರೆ ಆ ದಿನ ಗಾಡಿ ಇಲ್ಲ. ಕೊನೆಗೆ ಆಕೆ ‘ಹೂಂ’ ಅನ್ನದೆ ಶಫೀಸಾಬ ಯಾರನ್ನೂ ಲೈಸೆನ್ಸ್ ಪರೀಕ್ಷೆಗೆ ಕಳಿಸುವುದಿಲ್ಲ.

ನಿಯಾಜನಿಗೆ ಆಕೆ ಎರಡು ವಾರದಿಂದ ‘ಇನ್ನೂ ಆಗಿಲ್ಲ’ ಅನ್ನುತ್ತಿದ್ದಳು. ಇಪ್ಪತ್ತೆಂಟರ ನಿಯಾಜ ಕುಂಡಯಿಯ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವ, ಕೈ ಚುರುಕು. ಲಾರಿ ಕೆಲಸವೊಂದು ಅವನಿಗಾಗಿ ಕಾಯುತ್ತಿತ್ತು. “ಕಾಲ ಹೋದ ಸಿಟ್ಟು ನನ್ನ ಮ್ಯಾಲೆ ತೀರಸಾಕತ್ತಾಳ,” ಎಂದು ಉಳಿದವರೆದುರು ಆಡಿಕೊಂಡಿದ್ದ.

ಬಂಪರಿನ ಮುಂದೆ ಆಕೆಯನ್ನು ಕಾಣದೆ ಹೋದ ಆ ಬೆಳಗಿನ ನಂತರದ ಮಂಗಳವಾರ ಮಂಜು ಇನ್ನೂ ದಟ್ಟವಾಗಿತ್ತು. ಏಳು ತಾಸು ಮಲಗಿದ್ದೆ ಅಂದ. ಕನ್ನಡಿ ತಿರುಗಿಸಿ, ಸೀಟಿನಿಂದ ಎದ್ದು ಬಗ್ಗಿ, “ಎಡಬಾಗಲ ಕೆಳಗ ಅದೀರಿ” ಅಂದ. ಸರಿಯಾಗಿತ್ತು. ಚಂದ್ರಿಬಾಯಿ ಕೀಲಿ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

“ಬಾಯಿ, ಇನ್ನೊಬ್ಬಾಕಿ ಯಾರ್ರಿ? ತೂಕದ ಖೋಲಿ ಹತ್ರ ನಿಂತಾಕಿ?”

ಹಿಂದೆ ಅದಿರಿನ ಲಾರಿ ತೂಗುತ್ತಿದ್ದ, ಕಿಟಕಿ ಒಡೆದ ಆ ಖೋಲಿಯ ಕಡೆ ಶಫೀಸಾಬ ನೋಡಿದರು. ಅವರಿಗೆ ಮಂಜು ಮಾತ್ರ ಕಂಡಿತು. “ಹೆಂಗದಾಳ?” ಎಂದು ಕೇಳಿದರು.

“ಹೆಗಲ ಮ್ಯಾಲೆ ಗಂಟು ಐತ್ರಿ. ಈ ಕಡೇನ ನೋಡಾಕತ್ತಾಳ.”

ತಿರುವುಗಳಲ್ಲಿ ಕಂಡವಳ ಹೆಗಲ ಮೇಲಿದ್ದ ಗಂಟಿನ ವಿಷಯವನ್ನು ಯಾವ ತಂಡಕ್ಕೂ ತಾವು ಹೇಳಿದ್ದಿಲ್ಲ ಅನ್ನುತ್ತಾರೆ ಶಫೀಸಾಬ. ಚಂದ್ರಿಬಾಯಿ ಒಬ್ಬಳೇ ಊರುಗೋಲು ಊರುತ್ತ ಖೋಲಿಯವರೆಗೆ ಹೋದಳು. ಸುತ್ತು ಹಾಕಿದಳು, ಒಳಗೂ ಇಣುಕಿದಳು. ತಿರುಗಿ ಬಂದು, “ಯಾರೂ ಇಲ್ಲ” ಅಂದಳು.

ನಿಯಾಜ ಗಾಡಿಯಿಂದ ಇಳಿದ. “ಸುಳ್ಳ ಹೇಳಿದ್ನಿರಿ. ಎರಡ ಪಾಳಿ ಮಾಡಿ ಹಂಗ ಬಂದೀನಿ, ಮಲಗೇ ಇಲ್ಲ. ಇವತ್ತ ನನಗ ಕೀಲಿ ಬ್ಯಾಡ್ರಿ.” ಅಷ್ಟು ಹೇಳಿ ಮನೆಗೆ ನಡೆದ.

ಅವತ್ತೇ ಚಂದ್ರಿಬಾಯಿ ಶಫೀಸಾಬರಿಗೆ ‘ಹೂಂ’ ಅಂದಳು. “ಆಕಿ ನಿದ್ದಿಗೇಡಿನ ಕಣ್ಣಿಗೆ ಕಂಡಾಕಿನೋ, ಮತ್ತ್ಯಾರೋ, ನನಗ ಗೊತ್ತಿಲ್ಲ. ಅಂವ ಕಂಡದ್ದ ಇಲ್ಲ ಅನ್ನಲಿಲ್ಲ. ಕೀಲಿ ಬ್ಯಾಡ ಅಂದ. ನನಗ ಅಷ್ಟ ಸಾಕ್ರಿ.”

ಒಂಬತ್ತು ಗಂಟೆಗೆ ಬಿಸಿಲು ಬಿದ್ದು ಯಾರ್ಡು ಬರಿದಾಗಿ ಕಾಣುತ್ತದೆ. ಏನಾದರೂ ಆಸೆ ಇದೆಯೇ ಎಂದರೆ ಚಂದ್ರಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಗಾಡಿಯ ಎತ್ತರದ ಬಾಗಿಲ ಕಡೆ ನೋಡುತ್ತಾಳೆ. ಇಷ್ಟು ವರ್ಷದಲ್ಲಿ ಆಕೆ ಒಮ್ಮೆಯೂ ಒಳಗೆ ಹತ್ತಿಲ್ಲ.

“ಒಮ್ಮೆ ಮ್ಯಾಲೆ ಕುಂತು ಆ ತಿರುವಿಗೆ ಹೋಗಬೇಕ್ರಿ, ಬೆಳಿಗ್ಗೆನ. ಅಲ್ಲಿಂದ ನಾ ಹೆಂಗ ಕಾಣತಿದ್ದೆ ನೋಡಬೇಕು. ಶಫೀಸಾಬರಿಗೆ ಹೇಳೀನಿ. ಅವ್ರು ಇನ್ನೂ ಹೂಂ ಅಂದಿಲ್ಲ.”