ಕೊಲೆಗಾರನಿಗೆ ದನಿ ಕೊಟ್ಟ ಸಣ್ಣತಿಮ್ಮಪ್ಪ

ನಮ್ಮ ಬಯಲಾಟದ ಮೇಳದಲ್ಲಿ ರಾಕ್ಷಸ ಎಂದರೆ ಸಣ್ಣತಿಮ್ಮಪ್ಪನೇ. ಜಗಳೂರು ಸೀಮೆಯ ಹಳ್ಳಿಗಳಲ್ಲಿ ಅವನು ಆಟದ ಅಟ್ಟ ಹತ್ತಿ ಒಂದು ಸಲ ಗುಡುಗಿದರೆ ಮುಂದೆ ಕೂತ ಮಕ್ಕಳು ಅವ್ವಂದಿರ ಸೆರಗು ಹುಡುಕುತ್ತಿದ್ದವು. ಹಾರ್ಮೋನಿಯಂ ಹಿಡಿದು ಅವನ ಪಕ್ಕದಲ್ಲೇ ಮುದುಕನಾದವನು ನಾನು, ಉಚ್ಚಂಗೆಪ್ಪ. ಅವನು ಶ್ರುತಿ ತಪ್ಪಿದಾಗ ಅಟ್ಟದ ಮೇಲೇ ಬೈದಿದ್ದೇನೆ. ಆದರೆ ಅವನಷ್ಟು ಮೆತ್ತನೆಯ ಮನುಷ್ಯನನ್ನು ನಾನು ಎಲ್ಲೂ ನೋಡಿಲ್ಲ.

ಅವನ ಮೊಮ್ಮಗಳು ರಕ್ಷಾ. ಹೆತ್ತವಳು ತೀರಿಕೊಂಡ ಮೇಲೆ ಅಜ್ಜ-ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಐದು ವರ್ಷದ ಕೂಸು. ಗುಡುಗಿಗೆ, ಪಟಾಕಿಗೆ, ಅಷ್ಟೇಕೆ, ಅಜ್ಜನ ಬಣ್ಣದ ಮುಖಕ್ಕೂ ಹೆದರಿ ಜೋಳದ ಚೀಲಗಳ ಹಿಂದೆ ಅಡಗುತ್ತದೆ. ತಿಮ್ಮಪ್ಪನ ಹೆಂಡತಿ ಭೀಮಕ್ಕ ಬೆಲ್ಲ ತೋರಿಸಿದರೂ ಬರುವುದಿಲ್ಲ. ತಿಮ್ಮಪ್ಪ ಮುಖ ತೊಳೆದು ಬಂದು, ಚೀಲಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಬಾರವ್ವ ಗುಬ್ಬಿ, ಯಾರೂ ಏನೂ ಮಾಡಲ್ಲ, ನಾನದೀನಿ" ಎಂದರೆ ಸಾಕು, ಓಡಿ ಬಂದು ಕೊರಳಿಗೆ ಜೋತು ಬೀಳುತ್ತಿತ್ತು.

ಹೋದ ವರ್ಷ ಕಾಲೇಜಿನಲ್ಲಿ ಪಾಠ ಮಾಡುವ ವನಜಾಕ್ಷಿ ಮೇಡಂ ಅವನ ಮನೆಗೆ ಬಂದರು. ಪರದೇಶದ ಒಂದು ನರಮೇಧದ ಸಾಕ್ಷ್ಯಚಿತ್ರಕ್ಕೆ ಕನ್ನಡದ ದನಿ ಬೇಕಿತ್ತಂತೆ. ಅದರಲ್ಲಿ, ಆ ನರಮೇಧದಾಗ ಅಕ್ಕಪಕ್ಕದ ಮನೆಯವರನ್ನೇ ಕೊಂದವನೊಬ್ಬ ಈಗ ಮುದುಕನಾಗಿ, ಕುರ್ಚಿಯಲ್ಲಿ ಕೂತು, ಮಾಡಿದ್ದನ್ನೆಲ್ಲ ಹೇಳುತ್ತಾನೆ. ರಾಕ್ಷಸನ ಪಾತ್ರ ತಾನೇ ಎಂದು ತಿಮ್ಮಪ್ಪ ಒಪ್ಪಿಕೊಂಡ. "ಇಲ್ಲದ ಉಸಾಬರಿ ಯಾಕಲೇ ನಿಂಗೆ" ಎಂದೆ. ಕೇಳಲಿಲ್ಲ.

ದಾವಣಗೆರೆಯ ರೆಕಾರ್ಡಿಂಗ್ ಕೋಣೆಗೆ ನಾನೂ ಹೋಗಿದ್ದೆ. ಮೊದಲ ಮಾತಿಗೇ ಅವನು ಗುಡುಗಿದ. ಮೇಡಂ ತಡೆದರು.

"ಅಬ್ಬರ ಬ್ಯಾಡ್ರೀ ತಿಮ್ಮಪ್ಪಾರೆ. ಆ ಮನುಷ್ಯ ಕೂಗಾಡಲ್ಲ ನೋಡ್ರಿ. ಮನ್ಯಾಗೆ ಮಾತಾಡಿದಂಗೆ ಹೇಳ್ರಿ."

ದನಿ ಇಳಿಸಿದ. ಪಕ್ಕದ ಮನೆಯ ಹುಡುಗಿ ಕಣಜದ ಹಿಂದೆ ಅಡಗಿದ್ದಳೆಂದೂ, ತಾನು ಅವಳನ್ನು ಕರೆದೆನೆಂದೂ ಪರದೆಯ ಮುದುಕ ಹೇಳುವ ಜಾಗ ಬಂತು. ಕಾಗದದಲ್ಲಿ "ಮಗುವೇ, ಹೊರಗೆ ಬಾ, ನಿನಗೆ ಅಪಾಯವಿಲ್ಲ" ಎಂದಿತ್ತು. ತಿಮ್ಮಪ್ಪನಿಗೆ ಒಗ್ಗಲಿಲ್ಲ. ನಮ್ಮ ಬಯಲಾಟದವರ ರೋಗವೇ ಅದು. ಬರೆದ ಮಾತು ನಾಲಿಗೆಗೆ ಕೂರದಿದ್ದರೆ ತಮ್ಮದೇ ಮಾತು ಕಟ್ಟಿಬಿಡುತ್ತಾರೆ.

"ಹಿಂಗೆ ಕರೆದ್ರೆ ಯಾವ ಕೂಸು ಬರ್ತೈತೆ ಮೇಡಂ? ಕೂಸು ಕರೆಯಾಕೆ ನಾನು ಬಲ್ಲೆ, ಕೇಳ್ರಿ" ಎಂದು ಮೈಕಿಗೆ ಬಾಗಿದ. "ಬಾರವ್ವ ಗುಬ್ಬಿ, ಯಾರೂ ಏನೂ ಮಾಡಲ್ಲ, ನಾನದೀನಿ."

ಮೇಡಂ ಕಣ್ಣೊರೆಸಿಕೊಂಡು, ಇದೇ ಇರಲಿ ಎಂದರು. ಅವನು ಹೆಮ್ಮೆಯಿಂದ ನನ್ನ ಕಡೆ ನೋಡಿದ. ನಾನು ಸಿಡುಕಿಕೊಂಡು ಹೊರಗೆ ಬಂದು ಬೀಡಿ ಹಚ್ಚಿದೆ.

ಚಿತ್ರವನ್ನು ಜಗಳೂರಿನ ಒಂದು ಸಭಾಭವನದಲ್ಲಿ ತೋರಿಸಿದರು. ಭೀಮಕ್ಕ ಇದೂ ಗಂಡನ ಇನ್ನೊಂದು ಆಟ ಎಂದುಕೊಂಡು ರಕ್ಷಾಳಿಗೆ ಜರಿಯಂಚಿನ ಲಂಗ ತೊಡಿಸಿ ಕರೆತಂದಿದ್ದಳು. ಬಣ್ಣದ ಮುಖ ಇಲ್ಲವಲ್ಲ, ಕೂಸು ಹೆದರುವುದಿಲ್ಲ ಎಂಬುದು ಅವಳ ಲೆಕ್ಕ. ದೀಪ ಆರಿದ್ದೇ ತಡ, ಕೂಸು ಬೆಂಚಿನ ಕೆಳಗೆ ಸೇರಿತು.

ಆ ಜಾಗ ಬಂತು. "ಬಾರವ್ವ ಗುಬ್ಬಿ, ಯಾರೂ ಏನೂ ಮಾಡಲ್ಲ, ನಾನದೀನಿ."

"ಬಂದೆ ಅಜ್ಜ" ಎಂದು ಕೂಸು ಬೆಂಚಿನ ಕೆಳಗಿಂದ ತೆವಳಿ ಎದ್ದು, ಕೈ ಚಾಚಿಕೊಂಡು ಪರದೆಯ ಕಡೆ ಓಡಿತು.

"ನಂಬಿ ಬಂದ್ಲು" ಎಂದು ಪರದೆಯ ಮುದುಕ ತಿಮ್ಮಪ್ಪನ ದನಿಯಲ್ಲೇ ಮುಂದುವರಿಸಿದ.

ತಿಮ್ಮಪ್ಪ ಜನರನ್ನು ತುಳಿದುಕೊಂಡೇ ಹೋಗಿ ಕೂಸನ್ನು ಬಾಚಿ ಎತ್ತಿಕೊಂಡ. ಹೊರಗೆ ಹುಣಸೆಮರದ ಕೆಳಗೆ ಅದನ್ನು ಅವುಚಿಕೊಂಡು ಅತ್ತ. ಮೇಡಂ ಪಾಪ, ಆ ಮಾತು ತೆಗೆಸಿ ಬೇರೆಯವರಿಂದ ಹೇಳಿಸಿದರು. ಏನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಮ್ಮಪ್ಪನ ಬಾಯಿಂದ ಅದನ್ನು ಯಾರು ತೆಗೆಸಬೇಕು?

ಮೊನ್ನೆ ಸಂಜೆ ನಾನು ಅವರ ಮನೆಯಲ್ಲಿದ್ದಾಗ ಗುಡುಗು ಶುರುವಾಯಿತು. ರಕ್ಷಾ ಚೀಲಗಳ ಹಿಂದೆ ಸೇರಿತು. ಭೀಮಕ್ಕ ಕರೆದಳು, ನಾನೂ ಕರೆದೆ.

"ಅಜ್ಜ ಕರೀಲಿ" ಎಂದಿತು ಒಳಗಿಂದ.

ತಿಮ್ಮಪ್ಪ ಚೀಲಗಳ ಮುಂದೆ ಕುಕ್ಕರಿಸಿದ. ಬಾಯಿ ತೆರೆದ, ದನಿ ಹೊರಡಲಿಲ್ಲ.

"ಕರೀರಿ, ಕೂಸು ಕಾಯಾಕೆ ಹತ್ತೈತೆ" ಎಂದಳು ಭೀಮಕ್ಕ.

"ಕಣಜದ ಹಿಂದಿನ ಆ ಕೂಸೂ ಹಿಂಗೇ ಕಾದಿತ್ತು ಭೀಮಿ" ಎಂದ.

ಮಳೆ ಬಂದು ನಿಂತಿತು. ಒಳಗೆ ಕೂಸು ಇನ್ನೊಂದೆರಡು ಸಲ "ಅಜ್ಜ" ಎಂದು ಕರೆದು, ಅಲ್ಲೇ ನಿದ್ದೆ ಹೋಯಿತು.