ಬರ್ಮಾದ ಕಾನೂನು ಹೇಳಬೇಕಿದ್ದವರು

ಇದನ್ನು ನನ್ನ ಗಂಡನ ತಲೆಗೆ ಕಟ್ಟುವ ಹಾಗಿಲ್ಲ. ಮಾಡಿದವಳು ನಾನು.

ಯುದ್ಧದ ಕಾಲದಲ್ಲಿ ನನ್ನ ಮೈದುನ ರಂಗೂನಿನಿಂದ ಕಾಡುಮೇಡು ನಡೆದು ವಾಪಸು ಬಂದಾಗ, ಅಲ್ಲಿ ಸಂಸಾರ ಹೂಡಿದ್ದ ಬರ್ಮಾದವಳೊಬ್ಬಳನ್ನು ಜೊತೆಗೆ ಕರೆತಂದ. ಅವಳ ಕೊರಳಲ್ಲಿ ತಾಳಿ ಇರಲಿಲ್ಲ. ಹೆಬ್ಬಾಳದಾಚೆ ನಮ್ಮ ಮನೆಯಲ್ಲಿ ಹದಿನೈದು ವರ್ಷ ಇದ್ದಳು. ನಮ್ಮ ಮಾತು ಕಲಿತಳು, ದ್ರಾಕ್ಷಿ ತೋಟದಲ್ಲಿ ನನಗಿಂತ ಹೆಚ್ಚು ದುಡಿದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

"ಮನೇಲಿ ತಟ್ಟೆಗೂ ಬರಗಾಲಾನೇನೆ?" ಎಂದು ನಾನು ಆಡಿಕೊಂಡರೆ, "ತೊಳಿಯೋದು ಒಂದು ಕಮ್ಮಿ ಆಯ್ತಲ್ಲಕ್ಕ" ಎಂದು ನಗುತ್ತಿದ್ದಳು.

ಮೈದುನ ಸತ್ತ. ಅವನ ಪಾಲಿನ ಅರ್ಧ ತೋಟ ತನಗೆ ಬರಬೇಕೆಂದು ಅವಳು ಕೇಳಿದಳು. "ತಾಳಿ ಇಲ್ದೋಳು ಎಂಡ್ತಿ ಎಂಗಾಯ್ತಾಳೆ?" ಎಂದರು ನನ್ನ ಗಂಡ. ಕೇಸು ಕೋರ್ಟಿಗೆ ಹೋಯಿತು. ಆದರೂ ಮನೆಯಲ್ಲಿ ಒಲೆ ಒಂದೇ. ಜಗಳ ಭಾವನ ಜೊತೆ, ಅಕ್ಕನ ಜೊತೆ ಅಲ್ಲ ಎಂದೇ ಅವಳು ತಿಳಿದಿದ್ದಳು.

ಮದುವೆ ಆದದ್ದು ಬರ್ಮಾದಲ್ಲಿ, ಹಾಗಾಗಿ ಅಲ್ಲಿಯ ಕಾನೂನೇ ನೋಡಬೇಕು ಎಂದರಂತೆ ಅವಳ ವಕೀಲರು. ಆದರೆ ನಮ್ಮ ಜಡ್ಜಿಗೆ ಅಲ್ಲಿಯ ಕಾನೂನು ಹೇಗೆ ಗೊತ್ತಿರಬೇಕು? ಬಲ್ಲವರೊಬ್ಬರು ಬಂದು, ಕಳ್ಳತನ ಕಂಡವನು ಸಾಕ್ಷಿ ಹೇಳುವ ಹಾಗೆಯೇ, ಕಟಕಟೆಯಲ್ಲಿ ನಿಂತು ಹೇಳಬೇಕಂತೆ. ರಂಗೂನಿನಲ್ಲಿ ಬಹಳ ವರ್ಷ ವಕೀಲರಾಗಿದ್ದ ಮುದುಕರೊಬ್ಬರು ಯಶವಂತಪುರದಲ್ಲಿದ್ದರು. ಹೇಳುತ್ತೇನೆಂದು ಒಪ್ಪಿದ್ದರು.

ವಾಯಿದೆ ಹತ್ತಿರ ಬಂದಾಗ ಇವಳಿಗೆ ಜ್ವರ. ನಾನು ದ್ರಾಕ್ಷಿ ಹೊತ್ತು ಯಶವಂತಪುರದ ಸಂತೆಗೆ ಹೊರಟಿದ್ದೆ.

"ಅಕ್ಕ, ಬರೋ ಮಂಗಳವಾರ ವಾಯ್ದೆ ಅಂತ ಆ ಯಜಮಾನ್ರಿಗೆ ತಿಳಿಸ್ಬುಡಕ್ಕ" ಎಂದಳು.

ಹೋದೆ. ಮುದುಕರು ಕೂರಿಸಿ ನೀರು ಕೊಟ್ಟರು.

"ಅಂಥಾ ಕಷ್ಟದ ಕೇಸೇನಲ್ಲಮ್ಮ. ಅವರಲ್ಲಿ ತಾಳಿ ಬೇಡ, ಮಂತ್ರ ಬೇಡ. ಇಬ್ಬರೂ ಒಪ್ಪಿ ಒಟ್ಟಿಗೆ ಬಾಳಿ, ಒಂದೇ ತಟ್ಟೇಲಿ ಉಂಡು, ಸುತ್ತಮುತ್ತಲಿನವರು ಗಂಡ ಹೆಂಡ್ತಿ ಅಂದ್ರೆ ಮುಗೀತು, ಮದುವೆ ಆದ ಹಾಗೇ. ಪುಸ್ತಕಾನೂ ತಂದು ತೋರಿಸ್ತೀನಿ. ವಾಯಿದೆ ಯಾವತ್ತು?"

ದಿನಾ ನಾನೇ ಬಡಿಸಿದ ತಟ್ಟೆ ಅದು. ಇವರು ಬಂದರೆ ಅರ್ಧ ತೋಟ ಹೋಯಿತು ಎಂದು ಅಲ್ಲೇ ಗೊತ್ತಾಯಿತು.

"ಇನ್ನೂ ಗೊತ್ತಾಗಿಲ್ಲ ಸ್ವಾಮಿ. ಗೊತ್ತಾದ್ಮೇಲೆ ಬಂದು ತಿಳಿಸ್ತೀವಿ" ಎಂದೆ. ಯಾರೂ ಹೇಳಿಕೊಟ್ಟ ಮಾತಲ್ಲ. ಮೇಲೆ ಒಂದು ಗೊಂಚಲು ದ್ರಾಕ್ಷಿಯನ್ನೂ ಕೊಟ್ಟು ಬಂದೆ.

ಮಂಗಳವಾರ ಅವಳು ಕೋರ್ಟಿನ ಜಗುಲಿಯಲ್ಲಿ ಕಂಬಕ್ಕೊರಗಿ ಗೇಟು ನೋಡುತ್ತಾ ಕೂತಿದ್ದಳು. ಅವಳ ವಕೀಲರು ಇನ್ನೊಂದು ವಾಯಿದೆ ಕೇಳಿದರು, ಸಿಗಲಿಲ್ಲ. ಆಮೇಲೆ ತೀರ್ಪು ಬಂತು. ಬರ್ಮಾದ ಕಾನೂನು ಏನೆಂದು ಯಾರೂ ತೋರಿಸಿಕೊಟ್ಟಿಲ್ಲ, ಆದ್ದರಿಂದ ಅದೂ ನಮ್ಮ ಕಾನೂನಿನ ಹಾಗೇ ಎಂದು ಹಿಡಿಯಬೇಕು, ನಮ್ಮಲ್ಲಿ ಶಾಸ್ತ್ರವಿಲ್ಲದೆ ಮದುವೆಯಿಲ್ಲ. ಹದಿನೈದು ವರ್ಷದ ಹೆಂಡತಿ ಅವತ್ತಿಗೆ ಯಾರೂ ಅಲ್ಲದವಳಾದಳು.

"ತಿಳಿಸಿದ್ದೆ ತಾನೇ ಅಕ್ಕ?"

"ತಿಳಿಸ್ದೆ ಕಣೆ. ವಯಸ್ಸಾಗೈತೆ, ಮರ್ತ್ರೇನೋ."

ನಂಬಿದಳು. ಅದೇ ವಾರ ಚಿಕ್ಕಜಾಲದ ಕಡೆ ಯಾರದೋ ತೋಟಕ್ಕೆ ಕೂಲಿಗೆಂದು ಹೊರಟಳು. ಬಾಗಿಲು ದಾಟಿದವಳು ತಿರುಗಿ ನಿಂತು, "ಆ ಯಜಮಾನ್ರು ಮಾತು ತಪ್ಪೋರಲ್ಲಕ್ಕ. ಮೈ ಉಷಾರಿಲ್ವೇನೋ. ಸಂತೆಗೆ ಓದಾಗ ಒಂದ್ಸಲ ನೋಡ್ಕಂಡು ಬಾ" ಎಂದಳು.

ಹೂಂ ಎಂದೆ. ಮರುವಾರದಿಂದ ಯಶವಂತಪುರದ ಸಂತೆಗೆ ಹೋಗುವುದನ್ನೇ ಬಿಟ್ಟೆ. ಅವಳ ಅರ್ಧ ತೋಟದ ಹಣ್ಣನ್ನು ಯಲಹಂಕದಲ್ಲಿ ಮಾರಿದೆ.